ಆರಾಮ ಅದೀರೇನ್ರಿ?

ವಿಜಯಪುರದ ಒಂದು ಪಿಂಚಣಿ ಸೇವಾ ಕಚೇರಿಯಲ್ಲಿ ಅಪ್ರೆಂಟಿಸ್ ಆಗಿ ಸೇರಿದೆ ಅಂದಾಗ ನಮ್ಮಜ್ಜಿ ಕೇಳಿದ್ದು ಒಂದೇ ಮಾತು. "ಪಗಾರಾನ ಇನ್ನಾ ಚಾಲೂ ಆಗಿಲ್ಲ, ಆಗಲೇ ಪಿಂಚಣಿ ಏನ ನಿನಗ?"

ಅಜ್ಜಿಯದೇನೂ ತಪ್ಪಿಲ್ಲ. ನನ್ನ ಹುದ್ದೆಯ ಹೆಸರು 'ಪೆನ್ಷನ್ ಕ್ಲೈಂಟ್ ಮ್ಯಾನೇಜ್‌ಮೆಂಟ್ ಅಪ್ರೆಂಟಿಸ್'. ಇಷ್ಟುದ್ದ ಹೆಸರು ಐಡಿ ಕಾರ್ಡಿನ ಒಂದೇ ಸಾಲಿನಲ್ಲಿ ಹಿಡಿಯಲಿಲ್ಲ. 'ಪೆನ್ಷನ್ ಕ್ಲೈಂಟ್' ಅನ್ನೋದು ಮೇಲೆ ದಪ್ಪಕ್ಕೆ ಬಂತು, ಉಳಿದದ್ದು ಕೆಳಗೆ ಇರುವೆ ಸಾಲಿನಷ್ಟು ಸಣ್ಣಕ್ಕೆ. ಮೊದಲ ವಾರವೇ ಒಬ್ಬ ಅಜ್ಜ ನನ್ನ ಕೊರಳಿನ ಕಾರ್ಡು ಓದಿ, ದನಿ ತಗ್ಗಿಸಿ ಕೇಳಿದರು. "ಇಪ್ಪತ್ತೆರಡಕ್ಕ ಪಿಂಚಣಿ ಹೆಂಗ ಮಾಡಿಸಿಕೊಂಡಿ ತಂಗಿ? ನನ್ನ ಮಗಗೂ ಒಂದೀಟು ಹೇಳಿಕೊಡು."

ನಮ್ಮ ಕೆಲಸ ಕಾರ್ಖಾನೆ, ಗಿರಣಿ, ಸೊಸೈಟಿಗಳಲ್ಲಿ ದುಡಿದು ಮನೆಗೆ ಬಂದವರ ಪಿಎಫ್ ಪಿಂಚಣಿಯ ಕಾಗದ ನೋಡಿಕೊಳ್ಳೋದು. 1995ರ ನವೆಂಬರ್ 16ಕ್ಕೆ ಶುರುವಾದ ಯೋಜನೆ ಅದು. ಹತ್ತು ವರ್ಷ ಸೇವೆ ಆಗಿರಬೇಕು, ವಯಸ್ಸು 58 ತುಂಬಿರಬೇಕು. ಇದನ್ನು ದಿನಕ್ಕೆ ಇಪ್ಪತ್ತು ಸಲ ಹೇಳ್ತೀನಿ. ಆದರೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ಸೇರಿದವರಿಗೆ ಪಿಎಫ್ ಇಲ್ಲ. ಪಿಎಫ್ ಇಲ್ಲ ಅಂದ್ಮೇಲೆ ಈ ಪಿಂಚಣಿಯ ಲೆಕ್ಕವೂ ಇಲ್ಲ. ಮದುವೆ ಮನೆಯಲ್ಲಿ ಬಡಿಸೋಕೆ ನಿಂತವಳಿಗೆ ಕೊನೆ ಪಂಕ್ತಿಯಲ್ಲೂ ಎಲೆ ಇಲ್ಲ ಅನ್ನೋ ಹಾಗೆ.

ತರಬೇತಿಯಲ್ಲಿ ಮೊದಲು ಹೇಳಿಕೊಟ್ಟಿದ್ದು, ಪಿಂಚಣಿದಾರರು ಅನ್ನಬಾರದು, ಕ್ಲೈಂಟ್ ಅನ್ನಬೇಕು. ಸರಿ ಅಂತ ಮೊದಲ ಫೋನಿನಲ್ಲೇ, "ಸರ್, ನೀವು ನಮ್ಮ ಕ್ಲೈಂಟು" ಅಂದೆ. ಆ ಕಡೆಯವರು ಗಾಬರಿಯಾದರು. "ನಾ ಯಾವ ಕೇಸಿನ್ಯಾಗೂ ಇಲ್ಲವಾ. ಹೊಲದ ತಕರಾರು ನಮ್ಮ ತಮ್ಮಂದು. ಅವನ ನಂಬರ್ ಕೊಡ್ಲೇನು?"

ಹುಟ್ಟುಹಬ್ಬದ ದಿನ ಎಲ್ಲ ಕ್ಲೈಂಟುಗಳಿಗೂ ಫೋನ್ ಮಾಡಿ ಶುಭ ಕೋರೋಣ ಅನ್ನೋ ಐಡಿಯಾ ನನ್ನದೇ. ಸಾಹೇಬರು ಖುಷಿಯಿಂದ ಒಪ್ಪಿದರು. ಮೇ ಕೊನೆವರೆಗೂ ದಿನಕ್ಕೆ ಒಂದೋ ಎರಡೋ ಫೋನು. ಜೂನ್ 1 ಬಂತು ನೋಡಿ, ಅರ್ಧ ಪಟ್ಟಿ ಒಟ್ಟಿಗೆ ಹುಟ್ಟಿತು! ಆ ಕಾಲದಲ್ಲಿ ಮಕ್ಕಳನ್ನು ಸಾಲಿಗೆ ಹಚ್ಚಲು ಕರೆದುಕೊಂಡು ಹೋದರೆ, ಹುಟ್ಟಿದ ತಾರೀಖು ಗೊತ್ತಿಲ್ಲದವರಿಗೆಲ್ಲ ಮಾಸ್ತರರು ಜೂನ್ 1 ಅಂತ ಬರೆದುಬಿಡುತ್ತಿದ್ದರಲ್ಲ, ಅದರ ಫಲ. ಸಂಜೆ ಹೊತ್ತಿಗೆ ನನ್ನ ಗಂಟಲು ಕೂತಿತ್ತು. ಒಬ್ಬ ಅಜ್ಜ ಶುಭಾಶಯ ಕೇಳಿ ಸಿಟ್ಟಾದರು. "ನಾ ಹುಟ್ಟಿದ್ದು ಎಳ್ಳಮವಾಸಿಗೆ, ನಮ್ಮವ್ವ ಚರಗ ಚೆಲ್ಲಾಕ ಹೊಲಕ್ಕ ಹೋದಾಗ. ಜೂನ್ ಒಂದಕ್ಕ ಹುಟ್ಟಿದ್ದು ಮಾಸ್ತರರ ಪೆನ್ನಿನ್ಯಾಗಿಂದ. ಅವರಿಗೇ ಮಾಡು ಫೋನು."

ಇನ್ನು ಲೈಫ್ ಸರ್ಟಿಫಿಕೇಟ್. ನಾನು ಬದುಕಿದ್ದೇನೆ ಅಂತ ವರ್ಷಕ್ಕೊಮ್ಮೆ ತೋರಿಸೋದು. 2014ರ ನವೆಂಬರ್ 1ಕ್ಕೆ ನಮ್ಮೂರು ಬಿಜಾಪುರದಿಂದ ವಿಜಯಪುರ ಆಯಿತು. ನವೆಂಬರ್ 10ಕ್ಕೆ ಡಿಜಿಟಲ್ ಲೈಫ್ ಸರ್ಟಿಫಿಕೇಟ್ 'ಜೀವನ್ ಪ್ರಮಾಣ್' ಬಂತು. ಊರಿನ ಹೊಸ ಹೆಸರು ಬಾಯಿಗೆ ಹೊರಳೋ ಮೊದಲೇ ಊರಿನ ಮುದುಕರೆಲ್ಲ ಡಿಜಿಟಲ್ ಆಗಿ ಜೀವಂತ ಇರಬೇಕಾಯಿತು. ಹಳೇ ಕಾಗದದಲ್ಲಿ ಬಿಜಾಪುರ, ಆಧಾರದಲ್ಲಿ ವಿಜಯಪುರ. "ಎರಡೂ ಒಂದೇ ಊರು ಅಂತ ಬರಕೊಡು" ಅಂತ ನನ್ನ ಮುಂದೆ ಕೂತವರೂ ಇದ್ದಾರೆ. ಅಪ್ರೆಂಟಿಸ್‌ಗೆ ಅಷ್ಟು ದೊಡ್ಡ ಅಧಿಕಾರ ಎಲ್ಲಿಂದ ಬರಬೇಕು?

ಈ ಡಿಜಿಟಲ್ ಕೆಲಸಕ್ಕೆ ಬೆರಳಚ್ಚು ಬೇಕು. ಗಿರಣಿಯಲ್ಲಿ ದುಡಿದು, ಮನೆಯಲ್ಲಿ ರೊಟ್ಟಿ ಬಡಿದು ಸವೆದ ಬೆರಳಲ್ಲಿ ಗೆರೆ ಎಲ್ಲಿ ಉಳಿದಿರುತ್ತೆ? ಹತ್ತೂ ಬೆರಳು ಒತ್ತಿಸಿದ ಮೇಲೆ ಮೊಬೈಲಿನಲ್ಲಿ ಮುಖ ತೋರಿಸೋ ದಾರಿ ಹಿಡೀತೀವಿ. ಎದುರಿಗಿರೋದು ಫೋಟೋ ಅಲ್ಲ, ಜೀವ ಇರೋ ಮನುಷ್ಯರೇ ಅಂತ ಗೊತ್ತಾಗಲು ಆ ಆ್ಯಪ್ ರೆಪ್ಪೆ ಬಡಿಯಲು ಹೇಳುತ್ತೆ. ಒಂದು ಮಧ್ಯಾಹ್ನ ಅವಸರದಲ್ಲಿ ನಾನು ಒಬ್ಬ ಅಮ್ಮನಿಗೆ, "ಅಮ್ಮಾರ, ಒಮ್ಮಿ ಕಣ್ಣು ಹೊಡೀರಿ" ಅಂದುಬಿಟ್ಟೆ.

"ಯಾರಿಗೆ?"

"ಈ ಮೊಬೈಲಿಗೆ."

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. "ಥೂ! ಇಲ್ಲಿ ಕುಂತಾರಲ್ಲ, ಇವರಿಗೆ ಸೈತ ಒಮ್ಮಿ ಹೊಡದಿಲ್ಲ ನಾ." ಬೆಂಚಿನ ಮೇಲಿದ್ದ ಯಜಮಾನರು ಪೇಪರಿನಿಂದ ತಲೆ ಎತ್ತಲಿಲ್ಲ. "ಹೊಡಿ ಹೊಡಿ, ಪಿಂಚಣಿ ಬರತದ" ಅಂದರು.

ಇವೆಲ್ಲ ಚಿಲ್ಲರೆ. ದೊಡ್ಡದು ಆಗಿದ್ದು ಎಕ್ಸೆಲ್‌ನಲ್ಲಿ.

ಸಾಹೇಬರು ಒಂದು ಪಟ್ಟಿ ಕೊಟ್ಟು, ತೀರಿಕೊಂಡವರ ಮನೆಗೆ ಫೋನ್ ಮಾಡಿ ವಿಧವಾ ಪಿಂಚಣಿಗೆ ಏನೇನು ಕಾಗದ ಬೇಕು ಹೇಳು ಅಂದರು. ಹೆಸರು, ಫೋನ್ ನಂಬರ್, ಕೊನೆಗೆ ಷರಾ ಕಾಲಂ. ಷರಾದಲ್ಲಿ ಕೆಲವರಿಗೆ 'ಮರಣ' ಅಂತ ತಾರೀಖಿನ ಜೊತೆ, ಉಳಿದವರಿಗೆ 'ಲೈಫ್ ಸರ್ಟಿಫಿಕೇಟ್ ಬಾಕಿ' ಅಂತ. ಮರಣದವರು ಮೇಲೆ ಬರಲಿ ಅಂತ ನಾನು ಷರಾ ಕಾಲಂ ಒಂದನ್ನೇ ಹಿಡಿದು ಸಾರ್ಟ್ ಒತ್ತಿದೆ. ಎಕ್ಸೆಲ್ ಪಾಪ ಕೇಳಿತ್ತು, ಪಕ್ಕದ ಕಾಲಂಗಳನ್ನೂ ಸೇರಿಸಲಾ ಅಂತ. ಯಂತ್ರಕ್ಕೆ ಯಾಕೆ ಇಷ್ಟು ಮಾತು ಅಂತ ಬೇಡ ಅಂದೆ. ಹೆಸರು, ನಂಬರು ಅಲ್ಲಲ್ಲೇ ಉಳಿದವು. ಸಾವು ಮಾತ್ರ ಮೇಲಕ್ಕೆ ಹೋಗಿ ಬೇರೆಯವರ ಮುಂದೆ ಕೂತಿತು.

ಮೊದಲ ನಂಬರ್ ಒತ್ತಿದೆ. ಹೆಣ್ಣು ದನಿ. ಕಲಿಸಿದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದೆ. ನಿಮ್ಮ ಯಜಮಾನರು ತೀರಿಕೊಂಡ ಸುದ್ದಿ ಕೇಳಿ ನಮಗೆಲ್ಲ ಬಹಳ ದುಃಖವಾಗಿದೆ, ಮರಣ ಪ್ರಮಾಣ ಪತ್ರ ತಗೊಂಡು ಬನ್ನಿ.

"ಯಾರು ಹೋದ್ರಂತಿ?"

ಹೆಸರು ಹೇಳಿದೆ. ಆ ಕಡೆ ಒಂದು ಗಳಿಗೆ ಸದ್ದಿಲ್ಲ. ಆಮೇಲೆ ಫೋನು ಆಚೆ ಹಿಡಿದು ಕೂಗಿದ್ದು ಕೇಳಿಸಿತು. "ಏನ್ರೀ, ನೀವು ತೀರಿಕೊಂಡೀರಂತ. ಪಿಂಚಣಿ ಆಫೀಸಿನ್ಯಾಗಿಂದ ಹೇಳಾಕತ್ತಾರ."

"ಯಾವಾಗಂತ ಕೇಳು."

ಆಗಲಾದರೂ ಫೋನ್ ಇಡಬೇಕಿತ್ತು, ಅಲ್ವಾ? ನಾನು ಷರಾ ನೋಡಿ, "ಹನ್ನೆರಡನೇ ತಾರೀಖು ಅಂತ ಇದೆ ಅಮ್ಮಾರ" ಅಂದೆ.

"ಹನ್ನೆರಡಕ್ಕಂತ್ರೀ."

"ಹನ್ನೆರಡಕ್ಕ ಬಾದಾಮಿ ಬನಶಂಕರಿಗೆ ಹೋಗಿದ್ವಲ್ಲ. ಬುತ್ತಿಗಂಟು ಪೂರಾ ನಾನ ಹೊತ್ತೀನಿ. ಸತ್ತಾಂವ ಹೊರತಾನೇನು?"

ಕಾಕಾ ತಾವೇ ಫೋನ್ ತಗೊಂಡರು. ನಾನು ನಡುಗುತ್ತಿದ್ದೆ. ಅವರು ಬೈಯಲಿಲ್ಲ. "ಆತು ತಂಗಿ, ಹೋದೆ ಅಂತ ತಿಳಿ. ಮುಂದ ಆಕೀಗಿ ಎಷ್ಟು ಬರತದ?" ಅಂತ ಕೇಳಿದರು. ಈ ಯೋಜನೆಯಲ್ಲಿ ಪಿಂಚಣಿದಾರ ಹೋದರೆ ಹೆಂಡತಿಗೆ ಸಿಗೋದು ಅವರ ಪಿಂಚಣಿಯ ಅರ್ಧ. ಅದನ್ನೇ ಹೇಳಿದೆ. ಅವರು ಫೋನಿಗೆ ಕೈ ಅಡ್ಡ ಇಟ್ಟರೂ ಮಾತು ಪೂರಾ ಕೇಳಿಸಿತು. "ಅರ್ಧಾನ ಬರತದಂತ ಲೇ. ನಾ ಇರೋದ ಚಲೋ."

ನಾನು ಹುಷಾರಾಗೋ ಹೊತ್ತಿಗೆ ಇನ್ನೂ ಎಂಟು ಮನೆಗೆ ಫೋನ್ ಹೋಗಿತ್ತು. ಅದರಲ್ಲಿ ಒಂದು ಉಲ್ಟಾ. ನಿಜವಾಗಿ ತೀರಿಕೊಂಡವರ ಮನೆಗೆ ಮಾಡಿ, ಯಜಮಾನರು ಲೈಫ್ ಸರ್ಟಿಫಿಕೇಟ್ ಕೊಟ್ಟಿಲ್ಲ, ಖುದ್ದಾಗಿ ಬರಬೇಕು ಅಂದಿದ್ದೆ. ಆ ತಾಯಿ ಸ್ವಲ್ಪ ಹೊತ್ತು ಬಿಟ್ಟು, "ಬರೂ ಹಂಗಿದ್ರ ನಾನ ಕರಕೊಂಡು ಬರತಿದ್ನೆವ್ವಾ" ಅಂದರು. ಅವತ್ತು ಮಧ್ಯಾಹ್ನ ಡಬ್ಬಿ ಬಿಚ್ಚಲಿಲ್ಲ. ಮರುದಿನ ಅವರ ಮನೆಗೇ ಹೋಗಿ ಕಾಗದ ತುಂಬಿಸಿಕೊಂಡು ಬಂದೆ. ಅವರು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಚಹಾ ಮಾಡಿಕೊಟ್ಟರು.

ನಾನು ಸಾಯಿಸಿದ ಎಂಟೂ ಮಂದಿಗೆ ತಿರುಗಿ ಫೋನ್ ಮಾಡಿ, ಬದುಕಿದ್ದಾರೆ ಅಂತ ಖಾತ್ರಿ ಮಾಡಿಕೊಂಡು ಪಟ್ಟಿ ಸರಿಮಾಡು ಅಂತ ಸಾಹೇಬರ ಆಜ್ಞೆ ಆಯಿತು. ನಾನು ಕಾಗದದ ಭಾಷೆಯಲ್ಲೇ ಕೇಳಿದೆ. "ಸರ್, ತಾವು ಜೀವಂತ ಇದ್ದೀರಾ?"

"ಅದನ್ನ ನೀನ ಹೇಳಬೇಕವಾ. ಮೊನ್ನಿ ಇಲ್ಲಂದಿದ್ದಿ."

ಪಕ್ಕದ ಟೇಬಲ್ಲಿನ ಮೇಡಂ, ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡಿದವರು, ಫೋನ್ ಕಸಿದುಕೊಂಡರು. "ಕಾಕಾರ, ಆರಾಮ ಅದೀರೇನ್ರಿ?" ಅಷ್ಟೇ ಕೇಳಿದ್ದು. ಆ ಕಡೆಯಿಂದ ಮೊಣಕಾಲು ನೋವು, ಬಿಪಿ ಗುಳಿಗೆ, ಪುಣೆಯಲ್ಲಿರೋ ಮಗ ಫೋನ್ ಮಾಡದೇ ಇರೋದು, ಸೊಸೆಯ ಕೈ ರುಚಿ, ಈ ವರ್ಷದ ತೊಗರಿ, ಎಲ್ಲ ಬಂತು. ಹತ್ತು ನಿಮಿಷ. ಮೇಡಂ 'ಹೂಂ', 'ಹೌದೇನ್ರಿ' ಅನ್ನುತ್ತಾ ಷರಾ ಕಾಲಂನಲ್ಲಿ 'ಜೀವಂತ' ಅಂತ ಬರೆದು ನನ್ನ ಕಡೆ ತಿರುಗಿಸಿದರು. ರೆಪ್ಪೆ ಬಡಿಸೋ ಆ್ಯಪ್ ಕೂಡ ಇಷ್ಟು ಗಟ್ಟಿ ಪುರಾವೆ ತೆಗೆಯಲಾರದು. ಅವತ್ತಿನಿಂದ ನಾನೂ ಅದನ್ನೇ ಕೇಳ್ತೀನಿ. ಫೋನಿನ ಬಿಲ್ ಜಾಸ್ತಿ ಬರ್ತಿದೆ ಅಂತ ಸಾಹೇಬರು ಗೊಣಗುತ್ತಾರೆ.

ಬನಶಂಕರಿಗೆ ಹೋಗಿದ್ದ ಕಾಕಾ ಮರುವಾರ ಹೆಂಡತಿ ಜೊತೆ ಖುದ್ದಾಗಿ ಬಂದರು. ಟೇಬಲ್ ಮೇಲೆ ಶೇಂಗಾ ಹೋಳಿಗೆ ಕಟ್ಟು ಇಟ್ಟು, "ನನ್ನ ತಿಥಿದು, ತಗೋ" ಅಂದರು. ಕಾಕು ಅವರ ಬೆನ್ನಿಗೊಂದು ಗುದ್ದಿದರು.

ಈಗ ಪ್ರತಿ ತಿಂಗಳು ಮೊದಲ ವಾರ ಆಫೀಸಿನ ಫೋನ್ ಹೊಡೆದುಕೊಳ್ಳುತ್ತೆ. ಸಿಪಾಯಿ ಎತ್ತಿ ಕೇಳಿ, ನಗು ತಡೆದುಕೊಂಡು ನನ್ನ ಕಡೆ ಚಾಚುತ್ತಾನೆ. "ಅಕ್ಕಾರ, ನಿಮ್ಮ ತೀರಿಕೊಂಡ ಕಾಕಾರು."

"ತಂಗಿ, ಪಿಂಚಣಿ ಇನ್ನಾ ಜಮಾ ಆಗಿಲ್ಲ ನೋಡು. ಮತ್ತೇನರ ಸಾರ್ಟ್ ಮಾಡಿಯೇನು?"