ಮೊದಲ ಚೌಕ ಯಾರದ್ದು?

2011ರ ಜನಗಣತಿಯಲ್ಲಿ ನಿಮ್ಮ ರಾಷ್ಟ್ರೀಯ ಗುರುತು ಏನು ಅನ್ನೋ ಪ್ರಶ್ನೆಗೆ ಇಂಗ್ಲೆಂಡ್-ವೇಲ್ಸ್‌ನ ಶೇ. 57.7 ಮಂದಿ 'ಇಂಗ್ಲಿಷ್' ಚೌಕಕ್ಕೆ ಮಾತ್ರ ಟಿಕ್ ಹಾಕಿದ್ದರು. 2021ರಲ್ಲಿ ಅದು ಶೇ. 14.9ಕ್ಕೆ ಕುಸಿಯಿತು. 'ಬ್ರಿಟಿಷ್' ಮಾತ್ರ ಅಂದವರು 19.1ರಿಂದ 54.8ಕ್ಕೆ ಏರಿದರು.

ನಡುವೆ ಬ್ರೆಕ್ಸಿಟ್, ಅಂದರೆ ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟದ್ದು, ಆಗಿತ್ತಲ್ಲ, ಜನರ ರಾಷ್ಟ್ರೀಯ ಭಾವನೆಯೇ ತಲೆಕೆಳಗಾಯಿತು ಅಂತ ಕಥೆ ಹೆಣೆಯೋದು ಸುಲಭ. ಆದರೆ ಫಾರಂ ತೆಗೆದು ನೋಡಿ. ಇಂಗ್ಲೆಂಡಿನಲ್ಲಿ 2011ರಲ್ಲಿ ಎಲ್ಲಕ್ಕಿಂತ ಮೇಲಿದ್ದ ಚೌಕ 'ಇಂಗ್ಲಿಷ್'. 2021ರಲ್ಲಿ ಅದೇ ಜಾಗಕ್ಕೆ 'ಬ್ರಿಟಿಷ್' ಬಂತು. ವೇಲ್ಸ್‌ನಲ್ಲಿ ಎರಡು ಸಲವೂ 'ವೆಲ್ಷ್' ಮೇಲೇ ಇತ್ತು. ಅಲ್ಲಿ 'ವೆಲ್ಷ್' ಮಾತ್ರ ಅಂದವರು 57.5ರಿಂದ 55.2ಕ್ಕೆ ಇಳಿದರು, ಅಷ್ಟೇ. ಎಷ್ಟು ಚೌಕಕ್ಕೆ ಬೇಕಾದರೂ ಟಿಕ್ ಹಾಕಬಹುದಿತ್ತು. ಬಹಳಷ್ಟು ಜನ ಮೊದಲು ಕಂಡ, ಒಪ್ಪಬಹುದಾದ ಚೌಕಕ್ಕೆ ಗೆರೆ ಎಳೆದು ಮುಂದಿನ ಪ್ರಶ್ನೆಗೆ ಹೋದರು ಅನ್ನದೆ ಬೇರೆ ದಾರಿ ನನಗೆ ಕಾಣುತ್ತಿಲ್ಲ.

ಹಾಗಂತ ರಾಷ್ಟ್ರೀಯತೆ ಅನ್ನೋದೇ ಸುಳ್ಳಲ್ಲ. ಹೆಚ್ಚಿನವರಲ್ಲಿ ಎರಡು ಗುರುತು ಒಟ್ಟಿಗೇ ಇರುತ್ತವೆ, ಚೌಕದ ಲೆಕ್ಕ ಅದನ್ನು ನುಂಗಿಬಿಡುತ್ತದೆ. ಇದಕ್ಕೇ ಸ್ಪೇನಿನ ಸಮಾಜ ವಿಜ್ಞಾನಿ ಲೂಯಿಸ್ ಮೊರೆನೊ 1986ರಲ್ಲಿ ಸ್ಕಾಟ್ಲೆಂಡಿನಲ್ಲಿ ಐದು ಮೆಟ್ಟಿಲಿನ ಪ್ರಶ್ನೆ ಬಳಸಿದ್ದು: ಸ್ಕಾಟಿಷ್ ಮಾತ್ರ, ಸ್ಕಾಟಿಷ್ ಹೆಚ್ಚು, ಎರಡೂ ಸಮ, ಬ್ರಿಟಿಷ್ ಹೆಚ್ಚು, ಬ್ರಿಟಿಷ್ ಮಾತ್ರ. ಟಿಕ್‌ನಲ್ಲಿ ಕಾಣದ ತೂಕ ಇಲ್ಲಿ ಸಿಗುತ್ತದೆ.

ಗುರುತು ವೋಟಾಗೋದು ಇನ್ನೊಂದೇ ಲೆಕ್ಕ. ಅದೇ ಸ್ಕಾಟ್ಲೆಂಡಿನ 2011ರ ಜನಗಣತಿಯಲ್ಲಿ 'ಸ್ಕಾಟಿಷ್' ಮಾತ್ರ ಅಂದವರು ಶೇ. 62. 2014ರ ಜನಮತದಲ್ಲಿ ಬ್ರಿಟನ್‌ನಿಂದ ಸ್ವಾತಂತ್ರ್ಯಕ್ಕೆ ಹೂಂ ಅಂದವರು ಶೇ. 44.7. ಪೌಂಡ್ ಉಳಿಯುತ್ತದಾ, ಪಿಂಚಣಿ ಯಾರು ಕೊಡುತ್ತಾರೆ ಅನ್ನೋ ಪ್ರಶ್ನೆಗಳು ಬಂದಾಗ ಸ್ಕಾಟಿಷ್ ಅಭಿಮಾನ ಇದ್ದವರೂ ಬೇಡ ಅಂದರು. ಆ ಜನಮತದಲ್ಲಿ ವೋಟು ಯಾರಿಗಿತ್ತು ಅನ್ನೋದೂ ಮುಖ್ಯ: ಅಲ್ಲಿ ವಾಸವಿದ್ದರೆ ಪೋಲೆಂಡಿನವರಿಗೂ ಇತ್ತು, 16 ತುಂಬಿದವರಿಗೂ ಇತ್ತು, ಎಡಿನ್‌ಬರೋದಲ್ಲಿ ಹುಟ್ಟಿ ಲಂಡನ್‌ನಲ್ಲಿ ನೆಲೆಸಿದವರಿಗೆ ಇರಲಿಲ್ಲ. ನಾಡಿನವರು ಯಾರು ಅನ್ನೋದನ್ನು ರಕ್ತದಿಂದಲ್ಲ, ವಿಳಾಸದಿಂದ ತೀರ್ಮಾನಿಸಿದ ನಿಯಮ ಅದು. ನನಗೆ ಅದು ಸರಿ ಅನ್ನಿಸುತ್ತದೆ.

ನಮ್ಮಲ್ಲಿ ಈ ಚೌಕದ ಕೆಲಸ ಮಾಡುವುದು ಮಾತೃಭಾಷೆಯ ಕಾಲಂ. ನೀಲಗಿರಿಯ ಬಡಗರು 'ಬಡಗ' ಅಂತಲೇ ಬರೆಸಿದರೂ ಜನಗಣತಿ ಪಟ್ಟಿ ಅದನ್ನು ಕನ್ನಡದಡಿ ಸೇರಿಸುತ್ತದೆ. ಪಂಜಾಬಿನಲ್ಲಿ ಇದು ಇನ್ನೂ ಬಿರುಸಾಗಿತ್ತು. ಮನೆಯಲ್ಲಿ ಪಂಜಾಬಿ ಆಡುವ ಹಿಂದೂಗಳು ಹಿಂದಿ ಅಂತ ಬರೆಸಬೇಕೆಂದು ಪ್ರಚಾರ ನಡೆಯಿತು, ಬಹಳ ಜನ ಬರೆಸಿದರು. 1966ರಲ್ಲಿ ಪಂಜಾಬ್-ಹರಿಯಾಣ ಗಡಿ ಎಳೆಯಲು ಕೂತ ಶಾ ಆಯೋಗದ ಮುಂದೆ ಇದ್ದದ್ದು 1961ರ ಅದೇ ಅಂಕಿಗಳು.