ರಸ್ತೆ ಮುಚ್ಚಿದೆ ಅಂದ್ರೆ ಮುಚ್ಚಿದೆ

ಮರ್ರೀಯಿಂದ ಬರೆಯುತ್ತಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ.

ದಕ್ಷಿಣ ಆಸ್ಟ್ರೇಲಿಯಾದ ಊಡ್ನಡಟ್ಟಾ ಟ್ರ್ಯಾಕ್ ಈ ಊರಿಂದಲೇ ಶುರು. ಹಳೇ ಘಾನ್ ರೈಲು ಹಳಿಯ ಜಾಡು ಹಿಡಿದು ಮರ್ಲಾ ತನಕ ಸುಮಾರು 620 ಕಿ.ಮೀ. ಮಣ್ಣಿನ ದಾರಿ. ರಾತ್ರಿ ಮಳೆ ಬಿತ್ತು, ಬೆಳಿಗ್ಗೆ ಬೋರ್ಡಿನಲ್ಲಿ ‘ಕ್ಲೋಸ್ಡ್’ ಅಂತ ಬಂತು. ನಾವು ಟೆಂಟ್ ಬಿಚ್ಚಲಿಲ್ಲ. ಪಕ್ಕದ ಎರಡು ಗಾಡಿಯವರು ಮಾತ್ರ ಬೋರ್ಡ್ ದಾಟಿ ಹೋಗೇಬಿಟ್ಟರು. ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಮುಂದಿನ ಗಾಡಿ ಹೂತುಕೊಂಡಿತು.

ನಡೆದುಕೊಂಡು ಹೋಗಿ ನೋಡಿದೆವು. ಟೈರಿನ ಗೀರುಗಳಲ್ಲೆಲ್ಲ ಜೇಡಿಮಣ್ಣು ತುಂಬಿ ಚಕ್ರ ನುಣ್ಣಗಾಗಿತ್ತು. ಗಾಡಿಯ ಹೊಟ್ಟೆ ಕೆಸರಿಗೆ ತಾಗಿತ್ತು. ಆಕ್ಸಿಲರೇಟರ್ ಒತ್ತಿದಷ್ಟೂ ಇನ್ನಷ್ಟು ಒಳಗೆ. ಫೋರ್ ವೀಲ್ ಡ್ರೈವ್ ಇದ್ದರೇನು, ನಾಲ್ಕೂ ಚಕ್ರಕ್ಕೆ ಹಿಡಿತ ಇಲ್ಲದಿದ್ದರೆ?

ಅಷ್ಟರಲ್ಲಿ ಇನ್ನೊಂದು ಗಾಡಿಯವನು ಎಳೆಯುವ ಸ್ಟ್ರ್ಯಾಪ್ ತಂದು ಟೋ ಬಾಲ್‌ಗೆ, ಅಂದ್ರೆ ಟ್ರೇಲರ್ ಸಿಕ್ಕಿಸೋ ಹಿಂಬದಿಯ ಕಬ್ಬಿಣದ ಗುಂಡಿಗೆ, ಸಿಕ್ಕಿಸತೊಡಗಿದ. ನಾನು ಕಿರುಚಿ ನಿಲ್ಲಿಸಿದೆ. ಆ ಸ್ಟ್ರ್ಯಾಪ್ ರಬ್ಬರಿನಂತೆ ಹಿಗ್ಗುತ್ತದೆ. ಟೋ ಬಾಲ್ ಮುರಿದರೆ ಗುಂಡಿನ ಹಾಗೆ ಹಾರಿ ಬರುತ್ತದೆ. ಈ ದೇಶದಲ್ಲಿ ಹಾಗೆ ಜನ ಸತ್ತಿದ್ದಾರೆ. ಗಾಡಿ ಎಳೆಯೋ ಭಾರ ತಡೆಯಲೆಂದೇ ಮಾಡಿದ ಕೊಂಡಿಗೇ (ರೇಟೆಡ್ ರಿಕವರಿ ಪಾಯಿಂಟ್) ಕಟ್ಟಬೇಕು, ಸುತ್ತ ನಿಂತವರು ದೂರ ಸರಿಯಬೇಕು. ಪಕ್ಕದಲ್ಲೇ ಅವರ ಮಗು ನಿಂತಿತ್ತು. ಈಗಲೂ ನೆನೆಸಿಕೊಂಡರೆ ಎದೆ ಧಸಕ್ ಅನ್ನುತ್ತೆ.

ನಾನು ರೋಣದ ಎರೆಹೊಲದಲ್ಲಿ ಬೆಳೆದವನು, ನಿಮಗೆ ಗೊತ್ತೇ ಇದೆ. ಮಳೆ ಬಿದ್ದ ಎರಿಯೊಳಗೆ ನಮ್ಮಪ್ಪ ಬಂಡಿ ಹೂಡುತ್ತಿರಲಿಲ್ಲ. ಎತ್ತಿನ ಕಾಲು ಮುರಿಯುತ್ತೆ ಅನ್ನೋದೊಂದು, ಮುಂದೆ ಬರುವವರ ದಾರಿ ಕೆಡುತ್ತೆ ಅನ್ನೋದು ಇನ್ನೊಂದು. ನನ್ನ ಸಿಟ್ಟು ಈ ಎರಡನೇ ಮಾತಿಗೆ. ಇವರು ಸೀಳಿದ ಕೊರಕಲು ಬಿಸಿಲಿಗೆ ಕಲ್ಲಾಗುತ್ತದೆ. ರಸ್ತೆ ಸಮ ಮಾಡುವ ಗ್ರೇಡರ್ ಯಂತ್ರ ಬಂದು ಕೆರೆಯುವ ತನಕ ಹಾಗೇ ಇರುತ್ತದೆ. ದನ ಸಾಗಿಸುವ ಲಾರಿ, ದಿನಸಿ ತರುವ ಗಾಡಿ, ಸ್ಟೇಷನ್ ಅನ್ನೋ ಇಲ್ಲಿನ ದೊಡ್ಡ ದನದ ಫಾರಂಗಳಲ್ಲಿ ಬದುಕುವ ಕುಟುಂಬಗಳು, ಎಲ್ಲರೂ ಅದರ ಮೇಲೇ ಓಡಾಡಬೇಕು. ಅವರಿಗೆ ಬೇರೆ ದಾರಿ ಇಲ್ಲ. ಎಳೆದು ತೆಗೆಯಲು ಕೆಲಸ ಬಿಟ್ಟು ಬಂದವರೂ ಅವರೇ ಅಲ್ವಾ?

‘ರಜೆ ಕಡಿಮೆ, ದೂರದಿಂದ ಬಂದಿದ್ದೇವೆ, ಕಟಿ ತಂಡಾ–ಲೇಕ್ ಐರ್ ಸರೋವರ ನೋಡದೆ ಹೋಗೋದಾ’ ಅಂತಾರೆ ಬೋರ್ಡ್ ದಾಟುವವರು. ನಮಗೂ ರಜೆ ಜಾಸ್ತಿ ಇಲ್ಲ. ಸರೋವರ ನೋಡಲೇಬೇಕಾ? ಮರ್ರೀಯಿಂದಲೇ ಸಣ್ಣ ವಿಮಾನಗಳು ಹಾರುತ್ತವೆ, ಹತ್ತಿ ನೋಡಿ. ರಜೆ ಮುಗಿಯುತ್ತೆ ಅಂತ ಇನ್ನೊಬ್ಬರ ಊರಿನ ದಾರಿ ಹಾಳು ಮಾಡುವ ಹಕ್ಕು ಯಾರಿಗೂ ಇಲ್ಲ.

ಮುಂದಿನ ಸಲ ನನ್ನ ಜೊತೆ ಬರುತ್ತೇನೆ ಅಂದವರಿಗೆ ಈಗಲೇ ಹೇಳುತ್ತೇನೆ. ಹೊರಡುವ ಮುಂಚೆ ಔಟ್‌ಬ್ಯಾಕ್ ಅನ್ನೋ ಈ ಒಳನಾಡಿನ ರಸ್ತೆಗಳ ಸರ್ಕಾರಿ ವರದಿ ನೋಡುತ್ತೇವೆ. ಮುಚ್ಚಿದ್ದರೆ ಇದ್ದಲ್ಲೇ ಇರುತ್ತೇವೆ, ಎಷ್ಟು ದಿನ ಆದರೂ ಸರಿ. ಒಪ್ಪಿಗೆ ಇಲ್ಲದವರು ನನ್ನ ಗಾಡಿ ಹತ್ತಬೇಡಿ.