ಕೊಸರಿಗೊಂದು ಕೊಲೆ

ಸಂಚಿಕೆ ಅರ್ಧಕ್ಕೆ ಬಂದಿತ್ತು, ಅತ್ತಿಗೆ ಫೋನ್ ಮಾಡಿದರು. ಮಗಳ ಸೀಮಂತಕ್ಕೆ ಯಾವ ಬಣ್ಣದ ಸೀರೆ ಅಂತ ಮಾತಾಡಿದರು. ಗ್ಯಾಸ್ ಇನ್ನೂ ಬಂದಿಲ್ಲ ಅಂದರು. ಕೊನೆಗೆ, "ಹಿಂದೆ ಅದೇನೇ ಸದ್ದು, ಏನು ನೋಡ್ತಿದ್ದೀಯ?" ಅಂತ ಕೇಳಿದರು. 'ವೆನ್ ದ ಕ್ಯಾಮೆಲಿಯಾ ಬ್ಲೂಮ್ಸ್' ಅಂತ ಕೊರಿಯಾದ ಸೀರಿಯಲ್ ಅಂದೆ. "ಓ, ಅದಾ! ಕೊಲೆ ಮಾಡಿರೋನು ಅವನೇ ಕಣೇ" ಎಂದು ಹೆಸರು, ಕಸುಬು, ಯಾಕೆ ಮಾಡಿದ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟರು. "ಆದ್ರೂ ನೋಡು, ಚೆನ್ನಾಗಿದೆ" ಎಂದು ಸೇರಿಸಿದರು. ನಾನೂ ಸೀಮಂತಕ್ಕೆ ಬರುತ್ತೇನೆ ಎಂದು ಹೇಳಿ ಫೋನ್ ಇಟ್ಟೆ. ಇನ್ನೇನು ಹೇಳಲಿ? ಅಣ್ಣನ ಹೆಂಡತಿ.

ಆ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಒಬ್ಬರು ಕೆಟ್ಟಿದ್ದು ಸಾಕು.

ಕೊಲೆಗಾರ ಯಾರೆಂದು ಗೊತ್ತಾದ ಮೇಲೆ ಟಿವಿ ಆರಿಸಬೇಕಿತ್ತು. ಆರಿಸಲಿಲ್ಲ. ಮೊದಲಿಗಿಂತ ಜಾಸ್ತಿ ಆಸೆಯಿಂದ ನೋಡಿದೆ. "ಕೊರಿಯಾದವರ ಸೀರಿಯಲ್‌ನಲ್ಲಿ ಅಂಥದ್ದೇನಿದೆ, ಈ ವಯಸ್ಸಲ್ಲಿ?" ಎಂದು ಕೇಳುವವರು ಮನೆಯಲ್ಲೂ ಇದ್ದಾರೆ, ವಾಕಿಂಗ್‌ನಲ್ಲೂ ಸಿಗುತ್ತಾರೆ. ಅವರಿಗೊಂದು ಉತ್ತರ ಕೊಟ್ಟೇಬಿಡೋಣ ಎಂದು ಕೂತಿದ್ದೇನೆ.

ಇದು 2019ರ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಕೆಬಿಎಸ್ ವಾಹಿನಿಯಲ್ಲಿ ಬಂದದ್ದು. ಇದರಲ್ಲಿ ನಾಲ್ಕು ಪಾಲು ಪ್ರೇಮ, ನಾಲ್ಕು ಪಾಲು ಜನರ ಬದುಕು, ಎರಡು ಪಾಲು ಥ್ರಿಲ್ಲರ್ ಎಂದು ಮಾಡಿದವರೇ ಹೇಳಿಕೊಂಡಿದ್ದರು. ಫುಟ್‌ಬಾಲ್ ತಂಡ ಇಳಿಸುವ ಹಾಗೆ 4-4-2! ಕೇಳಿದಾಗ ನಗು ಬಂತು. ನೋಡಿದ ಮೇಲೆ, ಲೆಕ್ಕ ಹೆಚ್ಚುಕಮ್ಮಿ ಸರಿ ಅನ್ನಿಸಿತು. ಆದರೆ ಆ ಎರಡು ಪಾಲು ಬರುವುದು ರಾತ್ರಿ ನಾವು ಮಲಗುವ ಹೊತ್ತಿಗೇ. ಮೊದಲ ಸಂಚಿಕೆ ತೆರೆಯುವುದೇ ಕೆರೆಯ ಹತ್ತಿರ ಸಿಕ್ಕ ಹೆಣದಿಂದ. ಅದರ ಕೈಯಲ್ಲೊಂದು ಬಳೆ. ಆ ಹೆಣ ಯಾರದ್ದೆಂದು ಹೇಳದೆ ವಾರಗಟ್ಟಲೆ ಸತಾಯಿಸುತ್ತಾರೆ. ನಡುವೆ ಪ್ರೀತಿ, ಏಡಿ, ಜಗಳ, ಬೇಸ್‌ಬಾಲ್ ಎಲ್ಲ ನಡೆಯುತ್ತಿರುತ್ತದೆ. ನಮಗೆ ಮಾತ್ರ ಆ ಬಳೆಯದೇ ಚಿಂತೆ.

ಏಡಿ ಅಂದೆನಲ್ಲ. ಕಥೆ ನಡೆಯುವ ಓಂಗ್ಸಾನ್ ಎಂಬ ಊರು ನಕಾಶೆಯಲ್ಲಿ ಇಲ್ಲ. ಸೋಯಾ ಸಾಸಿನಲ್ಲಿ ನೆನೆಹಾಕಿದ ಏಡಿ ಮಾರುವ ಅಂಗಡಿಗಳದ್ದೇ ಒಂದು ಓಣಿ. ಜನ ಆಡುವುದು ಚುಂಗ್‌ಚೋಂಗ್ ಸೀಮೆಯ ಎಳೆದೆಳೆದು ಮಾತಾಡುವ ಭಾಷೆ. ಚಿತ್ರೀಕರಣವಾಗಿದ್ದು ಮಾತ್ರ ದೇಶದ ಇನ್ನೊಂದು ದಿಕ್ಕಿನಲ್ಲಿ, ಪೋಹಾಂಗ್‌ನ ಗುರ್ಯೋಂಗ್ಪೋ ಎಂಬ ಬಂದರಿನಲ್ಲಿ. ಮಂಗಳೂರಿನ ಬೀದಿಯಲ್ಲಿ ನಿಂತು ಎಲ್ಲರೂ ಧಾರವಾಡದ ಮಾತಾಡಿದ ಹಾಗೆ. ಸಬ್‌ಟೈಟಲ್ ಓದಿ ನೋಡುವ ನಮ್ಮಂಥವರಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು?

ಆ ಓಣಿಗೆ ದೋಂಗ್‌ಬೇಕ್ ಎಂಬ ಹೆಂಗಸು ಬಂದು ಕ್ಯಾಮೆಲಿಯಾ ಎಂಬ ಬಾರ್ ತೆರೆಯುತ್ತಾಳೆ. ಮದುವೆಯಾಗಿಲ್ಲ, ಒಬ್ಬ ಮಗನಿದ್ದಾನೆ. ಅಲ್ಲಿಗೆ ಮುಗಿಯಿತು. ಏಡಿ ಅಂಗಡಿಯ ಹೆಂಗಸರಿಗೆ ಅವಳನ್ನು ಕಂಡರಾಗದು. ಅವರವರ ಗಂಡಂದಿರಿಗೆ ಅವಳ ಅಂಗಡಿಯನ್ನು ಕಂಡರೆ ಪ್ರೀತಿ. ಇನ್ನು ಆ ಕಟ್ಟಡದ ಓನರ್ ನೋ ಗ್ಯುತೇ ಎಂಬ ಮಹಾಶಯ. ಅವನ ದುಃಖ ಒಂದೇ. ಕುಡಿಯಲು ಬಂದರೆ ಆಕೆ ತನಗೆ ಪುಕ್ಕಟೆ ಕಡಲೆಕಾಯಿ ಕೊಡುವುದಿಲ್ಲ.

ನಾನು ಈ ಸೀರಿಯಲ್‌ಗೆ ಬಿದ್ದದ್ದು ಅಲ್ಲೇ ಇರಬೇಕು. ಯಾಕೆಂದರೆ ಆ ಗ್ಯುತೇಯನ್ನು ಚಿಕ್ಕಂದಿನಿಂದ ನೋಡಿದ್ದೇನೆ. ನನ್ನ ಸೋದರಮಾವ.

ಮಾವ ಬಸವನಗುಡಿಯವರು. ಕಾರ್ತಿಕದ ಕೊನೇ ಸೋಮವಾರ ಕಡಲೆಕಾಯಿ ಪರಿಷೆಗೆ ಅವರ ಜೊತೆ ಹೋದರೆ ದೊಡ್ಡ ಗಣಪತಿ ಗುಡಿ ತಲುಪುವ ಹೊತ್ತಿಗೆ ನಮಗೆಲ್ಲ ಹೊಟ್ಟೆ ತುಂಬಿರುತ್ತಿತ್ತು. ಒಂದು ಕಾಸು ಬಿಚ್ಚಿರುತ್ತಿರಲಿಲ್ಲ. ಪ್ರತಿ ರಾಶಿಯ ಮುಂದೆ ನಿಂತು ರುಚಿ ನೋಡುವುದು, "ಹುರಿದಿದ್ದು ಸಾಲದು" ಎಂದು ಮುಂದಕ್ಕೆ ಹೋಗುವುದು. ಕೊನೆಗೆ ಒಂದು ಕಡೆ ಒಂದು ಸೇರು ಕೊಳ್ಳುತ್ತಿದ್ದರು. ಆಗ ಶುರುವಾಗುತ್ತಿತ್ತು ಕೊಸರಿನ ಜಗಳ. ಒಂದು ಹಿಡಿ ಹಾಕಿದರೆ ಇನ್ನೊಂದು ಹಿಡಿ. ಇನ್ನೊಂದು ಹಾಕಿದರೆ, "ಮಕ್ಕಳಿದ್ದಾವೆ ನೋಡಿ." ನಾವು ಮಕ್ಕಳು ನಾಚಿಕೆಯಿಂದ ಬಲೂನ್ ನೋಡುತ್ತಾ ನಿಲ್ಲುತ್ತಿದ್ದೆವು.

ಒಂದು ವರ್ಷ ಒಬ್ಬಾಕೆ ಇವರಿಗೆ ಸರಿಯಾಗಿ ಸಿಕ್ಕಳು. ಎರಡು ಹಿಡಿ ಹಾಕಿದಳು. ಮಾವ ಮೂರನೇ ಸಲ ಚೀಲದ ಬಾಯಿ ಅಗಲಿಸಿದರು. ಆಕೆ ಖಾಲಿ ಸೇರನ್ನು ಇವರ ಕೈಗಿಟ್ಟು, "ತಗಳಿ ಸ್ವಾಮಿ, ನೀವೇ ಕೂತ್ಕೊಂಡು ಮಾರಿ, ನಾನೊಂದು ಟೀ ಕುಡ್ಕೊಂಡ್ ಬತ್ತೀನಿ" ಎಂದು ಎದ್ದೇ ಹೋದಳು. ಬೇರೆ ಯಾರಾದರೂ ಆಗಿದ್ದರೆ ಮುಖ ಸಣ್ಣ ಮಾಡಿಕೊಂಡು ಜಾಗ ಖಾಲಿ ಮಾಡುತ್ತಿದ್ದರು. ಮಾವ ಪಂಚೆ ಮಡಚಿ ಗೋಣಿಚೀಲದ ಮೇಲೆ ಕೂತರು. ಗಿರಾಕಿ ಬಂದರು. ಅಳೆದು ಕೊಟ್ಟರು. ಅದೂ ಹೇಗೆ? ಸೇರಿನ ಮೇಲೆ ಗೋಪುರ ನಿಲ್ಲದ ಹಾಗೆ ಅಂಗೈಯಿಂದ ಸವರಿ! ಒಬ್ಬ ಮುದುಕ "ಕೊಸರು ಹಾಕಿ" ಅಂದಾಗ, "ರೈತರ ಹೊಟ್ಟೆ ಮೇಲೆ ಹೊಡೀಬೇಡಿ" ಎಂದು ಗದರಿಸಿ ಕಳಿಸಿದರು. ಆಕೆ ವಾಪಸ್ ಬಂದು ದುಡ್ಡು ಎಣಿಸಿದಳು, ರಾಶಿ ನೋಡಿದಳು, "ನಾಳೆನೂ ಬನ್ನಿ ಸ್ವಾಮಿ" ಅಂದಳು. ಮಾವ ಹೊರಡುವಾಗ ಮೂರನೇ ಹಿಡಿ ಕೇಳಿ ಹಾಕಿಸಿಕೊಂಡರು. ಕೂಲಿ ಅಂತೆ. ಈ ಕಥೆಯನ್ನು ಅವರು ಮದುವೆ ಮುಂಜಿಗಳಲ್ಲಿ ಹೇಳಿ ಹೇಳಿ, ಕೊನೆಕೊನೆಗೆ ಇಡೀ ಪರಿಷೆಯೇ ಅವರ ಮುಂದೆ ಸಾಲು ನಿಂತ ಹಾಗಾಗಿತ್ತು. ಅತ್ತೆ ಒಳಗಿನಿಂದ, "ಆ ಕಡಲೆಕಾಯಿ ಹುಳುಕು" ಎನ್ನುತ್ತಿದ್ದರು.

ಎಲ್ಲಿದ್ದೆ? ಗ್ಯುತೇ. ಅವನಿಗೆ ಬೇಕಾಗಿರುವುದು ಕಡಲೆಕಾಯಿ ಅಲ್ಲ, ಮರ್ಯಾದೆ. ಓನರ್ ಬಂದಿದ್ದಾರೆ ಎಂದು ಯಾರಾದರೂ ಎದ್ದು ನಿಲ್ಲಬೇಕು. ಕುಡಿದ ಮೇಲೆ ಕೈ ಹಿಡಿಯುವವರೆಗೂ ಹೋಗುತ್ತಾನೆ. ಆಗ ಅಂಜುಬುರುಕಿ ದೋಂಗ್‌ಬೇಕ್ ಒಂದೊಂದೇ ತಿಂಡಿಯ ರೇಟು ಹೇಳುತ್ತಾ ಹೋಗಿ, ಈ ಯಾವುದರಲ್ಲೂ ತನ್ನ ಕೈಯ ಬೆಲೆ, ನಗುವಿನ ಬೆಲೆ ಸೇರಿಲ್ಲ, ಇಲ್ಲಿ ಮಾರುವುದು ಹೆಂಡ ಮಾತ್ರ ಎನ್ನುತ್ತಾಳೆ. ದನಿ ನಡುಗುತ್ತಿರುತ್ತದೆ, ಲೆಕ್ಕ ತಪ್ಪುವುದಿಲ್ಲ. ಕೇಳಿಸಿಕೊಂಡ ಪೊಲೀಸ್ ಪೇದೆ ಯೋಂಗ್‌ಸಿಕ್ ಅಲ್ಲೇ ಬಿದ್ದುಹೋಗುತ್ತಾನೆ. ಕಡಲೆಕಾಯಿ ದುಡ್ಡು ಕೊಟ್ಟಿಲ್ಲವೆಂದು ಓನರ್‌ನ ಪರ್ಸ್ ಕಿತ್ತುಕೊಳ್ಳುತ್ತಾನೆ. ಪ್ರೇಮ ಶುರುವಾಗುವುದು ಹೀಗೆ. ಇದು 4-4-2ರಲ್ಲಿ ಯಾವ ಪಾಲಿಗೆ ಸೇರುತ್ತದೋ ನಾಕಾಣೆ.

ಯೋಂಗ್‌ಸಿಕ್‌ನನ್ನು ನೋಡಿ ಕರಗುವವರು ಬಹಳ. ನನಗೆ ಅಷ್ಟಿಲ್ಲ. ಬೇಡ ಅಂದರೂ ಬಾಗಿಲಿಗೇ ಬಂದು ನಿಲ್ಲುವ ಹುಡುಗನನ್ನು ಬಿಟ್ಟ ಬಾಯಿ ಬಿಟ್ಟುಕೊಂಡು ನೋಡುವ ವಯಸ್ಸು ದಾಟಿದೆ. ಅವನ ತಾಯಿ ಡೋಕ್‌ಸುನ್ ನೋಡಿ, ಅವಳು ಅಸಲಿ. ಓಣಿಯೆಲ್ಲ ದೂರ ಇಟ್ಟಾಗ ದೋಂಗ್‌ಬೇಕ್‌ಳ ಬೆನ್ನಿಗೆ ನಿಂತ ಒಬ್ಬಳೇ ಹೆಂಗಸು. ತನ್ನ ಮಗ ಅವಳನ್ನು ಬಯಸಿದ ಕ್ಷಣ ಅದೇ ಬಾಯಲ್ಲಿ ಬೇರೆ ಮಾತು. ಕಂಡವರ ಮನೆಯ ಸೊಸೆಯಾಗಿ ಬಂದಿದ್ದರೆ ಆರತಿ ಎತ್ತುತ್ತಿದ್ದಳೇನೋ. ಇಂಥವರನ್ನು ನೋಡಲು ಕೊರಿಯಾಕ್ಕೆ ಹೋಗಬೇಕೇ, ಅಲ್ವಾ?

ನನಗೆ ನಿಜವಾಗಿ ಮೈ ಉರಿದದ್ದು ಕೊಲೆಗಾರನ ಮೇಲಲ್ಲ. ಆ ಮಗುವಿನ ಅಪ್ಪನ ಮೇಲೆ. ಹೆಸರಾಂತ ಬೇಸ್‌ಬಾಲ್ ಆಟಗಾರ, ಮಗ ಇದ್ದಾನೆಂದೇ ಗೊತ್ತಿಲ್ಲದೆ ಎಂಟು ವರ್ಷ ಆರಾಮಾಗಿದ್ದವನು. ಗೊತ್ತಾದ ಮೇಲೆ ಬಂದು ಕಣ್ಣು ತುಂಬಿಕೊಂಡು ನಿಲ್ಲುತ್ತಾನೆ. ಹಿಂದೆ ಪಿಯಾನೋ. ಯಾರಿಗೆ ಬೇಕು ಪಿಯಾನೋ? ಗೊತ್ತಿರಲಿಲ್ಲ ಅಂದರೆ ಎಲ್ಲ ಮಾಫಿಯೇ? ಅವನು ಅತ್ತ ಪ್ರತಿ ದೃಶ್ಯವನ್ನೂ ನಾನು ಓಡಿಸಿದ್ದೇನೆ. ಒಂದಕ್ಕೂ ಪಶ್ಚಾತ್ತಾಪ ಇಲ್ಲ.

ಇನ್ನೊಂದು ಸಿಟ್ಟೂ ಇದೆ. ಆಗ ಕೊರಿಯಾದ ದೊಡ್ಡ ವಾಹಿನಿಗಳು ಕಾರ್ಯಕ್ರಮದ ನಡುವೆ ಜಾಹೀರಾತು ಹಾಕುವಂತಿರಲಿಲ್ಲ. ಆ ಅನುಮತಿ ಸಿಕ್ಕಿದ್ದು 2021ರಲ್ಲಿ. ಅಲ್ಲಿಯವರೆಗೆ ಅವರು ಕಂಡುಕೊಂಡ ಉಪಾಯ ನೋಡಿ: ಒಂದು ಸಂಚಿಕೆಯನ್ನು ಕತ್ತರಿಸಿ ಎರಡು ಎಂದರು. ನಡುವಿನ ಸಂದಿಯಲ್ಲಿ ಜಾಹೀರಾತು. ಹೀಗೆ ಇಪ್ಪತ್ತು ಇದ್ದದ್ದು ಅವರ ಲೆಕ್ಕದಲ್ಲಿ ನಲವತ್ತಾಯಿತು. ಅದಕ್ಕೇ ಇರಬೇಕು, ಈಗ ಒಟ್ಟಿಗೆ ನೋಡುವಾಗಲೂ ನಟ್ಟನಡುವೆ ಸುಮ್ನೆ ಒಂದು ಬಾಗಿಲು ಕಿರ್ ಎನ್ನುತ್ತದೆ, ಒಂದು ನೆರಳು ಸುಳಿಯುತ್ತದೆ. ನೋಡಿದರೆ ಬೆಕ್ಕು.

ಹಾಂ, ಉತ್ತರ. ಪ್ರೇಮ ಮಾತ್ರ ಇದ್ದಿದ್ದರೆ ನಾವು ನೋಡುತ್ತಿದ್ದದ್ದು ಇಬ್ಬರನ್ನೇ. ಓಣಿಯಲ್ಲೊಬ್ಬ ಕೊಲೆಗಾರ ಇದ್ದಾನೆ ಅಂದಕೂಡಲೇ ಎಲ್ಲರನ್ನೂ ನೋಡಬೇಕಾಗುತ್ತದೆ. ಯಾರು ಕೆಮ್ಮಿದರು, ಯಾರು ಬಾಗಿಲು ಹಾಕಿಕೊಂಡರು, ಬಾರ್‌ನಲ್ಲಿ ಕೆಲಸಕ್ಕಿರುವ ಹ್ಯಾಂಗ್‌ಮಿ ಯಾಕೆ ಕೋಪನ್‌ಹೇಗನ್ ಕೋಪನ್‌ಹೇಗನ್ ಎನ್ನುತ್ತಾಳೆ. ಅನುಮಾನಪಟ್ಟು ನೋಡುತ್ತಾ ನೋಡುತ್ತಾ ಅವರ ಮೇಲೆ ಅಕ್ಕರೆ ಬಂದುಬಿಡುತ್ತದೆ. ಇದು ಉತ್ತರ ಆಗಬಹುದಿತ್ತು. ಆದರೆ ನನಗೆ ಕೊಲೆಗಾರ ಯಾರೆಂದು ಮೊದಲೇ ಗೊತ್ತಿತ್ತಲ್ಲ? ನಾನು ಯಾರ ಮೇಲೂ ಅನುಮಾನ ಪಡಬೇಕಿರಲಿಲ್ಲ. ಹಾಗಾದರೆ ಯಾಕೆ ನೋಡಿದೆ? ಇದನ್ನು ಇನ್ನೊಮ್ಮೆ ಯೋಚಿಸಬೇಕು.

ಕೊನೇ ಸಂಚಿಕೆಯನ್ನು ಕೊರಿಯಾದಲ್ಲಿ ನೋಡಿದ ಮನೆಗಳ ಪ್ರಮಾಣ ಶೇಕಡಾ 23.8. ದೋಂಗ್‌ಬೇಕ್ ಆದ ಗೋಂಗ್ ಹ್ಯೋಜಿನ್‌ಗೆ ಆ ವರ್ಷ ಕೆಬಿಎಸ್‌ನ ದೊಡ್ಡ ಪ್ರಶಸ್ತಿ. ಗ್ಯುತೇ ಆದ ಓ ಜೋಂಗ್‌ಸೇಗೆ 2020ರಲ್ಲಿ ಬೇಕ್‌ಸಾಂಗ್ ಪೋಷಕ ನಟ ಪ್ರಶಸ್ತಿ. ಮಾವನಿಗೂ ಏನಾದರೂ ಕೊಡಬಹುದಿತ್ತು.

ಆ ಗ್ಯುತೇಯ ಹೆಂಡತಿ ಹೋಂಗ್ ಜಾಯೋಂಗ್, ಡೈವೋರ್ಸ್ ಲಾಯರ್. ಗಂಡನ ಆಟ ನೋಡಿ ನೋಡಿ ಸಾಕಾಗಿ ತನ್ನದೇ ಡೈವೋರ್ಸಿಗೆ ಕೈ ಹಾಕಿದವಳು. ಅವನನ್ನು ಕೊಲೆಯ ಅನುಮಾನದ ಮೇಲೆ ಪೊಲೀಸರು ಕರೆದೊಯ್ಯುವಾಗ ಕಾರನ್ನು ಸರ್ರನೆ ತಿರುಗಿಸಿ ತಂದು ನಿಲ್ಲಿಸಿ, ಇಳಿದು, ವಾರಂಟ್ ಎಲ್ಲಿ ಎಂದು ಕೇಳುತ್ತಾಳೆ. ಕಡಲೆಕಾಯಿಗೆ ಅಳುವ ಆ ಗಂಡನ ಮುಖ ನೋಡಬೇಕು! ಅಡುಗೆಮನೆಯಲ್ಲಿದ್ದ ಇವರನ್ನು ಕೂಗಿ ಕರೆದೆ. ಸೌಟು ಹಿಡಿದುಕೊಂಡೇ ಬಂದು ನಿಂತು ನೋಡಿದರು.

"ಇವಳೇನಾ ಹೀರೋಯಿನ್?" ಅಂದರು.

ಹೌದು ಅಂದೆ.